ಹೊಸ 4 ಟಿಬಿ ಹಾರ್ಡ್ ಡಿಸ್ಕ್ ತೆಗೆದುಕೊಳ್ಳಬೇಕು: ಯಾವುದನ್ನು ಆರಿಸಲಿ, ನಂಬುವ ಮೊದಲು ಹೇಗೆ ಪರೀಕ್ಷೆ ಮಾಡಲಿ?

ಕಿಟಕಿಪಕ್ಕದಸೀಟು:

ಎಲ್ಲರಿಗೂ ನಮಸ್ಕಾರ. ನನ್ನ ಮನೆಯ ಕಂಪ್ಯೂಟರಿನಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಇದೆ, ಏಳು ವರ್ಷ ಹಳೆಯದು. ಹದಿನೈದು ದಿನದಿಂದ ಒಂದೇ ಒಂದು ಫೋಲ್ಡರ್ ಮಾತ್ರ ಕಾಟ ಕೊಡುತ್ತಿದೆ. ಅದನ್ನು ತೆರೆದರೆ ಎಲ್ಲಾ ನಿಂತುಹೋಗುತ್ತದೆ, ಡಬ್ಬದ ಒಳಗಿನಿಂದ ಟಿಕ್... ಟಿಕ್... ಅಂತ ಸಣ್ಣ ಸದ್ದು ಬರುತ್ತದೆ, ಒಂದು ನಿಮಿಷ ಬಿಟ್ಟು ಏನೂ ಆಗೇ ಇಲ್ಲ ಎನ್ನುವ ಹಾಗೆ ಮತ್ತೆ ಓಡುತ್ತದೆ. ಆ ಫೋಲ್ಡರಿನಲ್ಲಿ ಇರುವುದು ನಮ್ಮ ಅಪ್ಪ ಹೇಳಿದ ಕಥೆಗಳ ರೆಕಾರ್ಡಿಂಗ್. ಅಪ್ಪ ಈಗಿಲ್ಲ. ಅದರ ಬೇರೆ ಕಾಪಿಯೂ ಇಲ್ಲ.

ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿದೆ. ಹಳದಿ ಬಣ್ಣದಲ್ಲಿ ಎಚ್ಚರಿಕೆ ತೋರಿಸುತ್ತಿದೆ. 05 ಅನ್ನುವ ಸಾಲಿನಲ್ಲಿ ಬರೀ ಸೊನ್ನೆಗಳು. ಸಿ5 ಅನ್ನುವ ಸಾಲಿನಲ್ಲಿ ಸೊನ್ನೆಗಳಾದ ಮೇಲೆ ಕೊನೆಗೆ 10 ಅಂತ ಇದೆ. ಹತ್ತು ಅಂದರೆ ಜಾಸ್ತಿಯಾ? ಡಿಸ್ಕ್ ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಲಾ?

ಏನೇ ಆದರೂ ಹೊಸ 4 ಟಿಬಿ ಡಿಸ್ಕ್ ತೆಗೆದುಕೊಳ್ಳುವುದು ಅಂತ ತೀರ್ಮಾನ ಮಾಡಿದ್ದೇನೆ. ಯಾವುದನ್ನು ಆರಿಸಬೇಕು, ಹೊಸದನ್ನೂ ಪರೀಕ್ಷೆ ಮಾಡಬೇಕಾ, ಮಾಡುವುದಾದರೆ ಹೇಗೆ? ಲಿನಕ್ಸ್ ಸ್ವಲ್ಪ ಗೊತ್ತು, ಪೆನ್‌ಡ್ರೈವಿನಿಂದ ಬೂಟ್ ಮಾಡಿ ಓಡಿಸಿ ಅಭ್ಯಾಸ ಇದೆ.

ಹಳೇಮದರ್‌ಬೋರ್ಡ್:

ಮೊದಲು ಆ ಡಿಸ್ಕಿನ ಕೆಲಸ ನಿಲ್ಲಿಸಿ. ಚೆಕ್‌ಡಿಸ್ಕ್ ಖಂಡಿತ ಬೇಡ.

ಅದು ಯಾಕೆ ಬೇಡ ಅಂತ ಹೇಳುತ್ತೇನೆ. ಚೆಕ್‌ಡಿಸ್ಕಿನ ಕೆಲಸ ಫೈಲ್ ವ್ಯವಸ್ಥೆಯನ್ನು ನೆಟ್ಟಗೆ ಮಾಡುವುದು, ನಿಮ್ಮ ಫೈಲುಗಳನ್ನು ಉಳಿಸುವುದು ಅಲ್ಲ. ಓದಲಾಗದ ಜಾಗ ಸಿಕ್ಕರೆ ಅದನ್ನು ಫೈಲಿನಿಂದ ಕಿತ್ತು ಪಕ್ಕಕ್ಕೆ ಹಾಕುತ್ತದೆ, ಫೈಲುಗಳ ಪಟ್ಟಿ ಹಾಳಾಗಿದ್ದರೆ ಆ ಪಟ್ಟಿಯನ್ನೇ ತಿದ್ದಿ ಬರೆಯುತ್ತದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯುವ ಯಾವ ಕೆಲಸವೂ ಒಳ್ಳೆಯದಲ್ಲ. ನನ್ನ ಒಂದು ಡಿಸ್ಕಿನಲ್ಲಿ ಹೀಗೇ ರಿಪೇರಿ ಓಡಿಸಿದ್ದೆ. ರಾತ್ರಿಯೆಲ್ಲಾ ಓಡಿತು. ಬೆಳಿಗ್ಗೆ ನೋಡಿದರೆ ಮದುವೆಯ ಫೋಟೋ ಫೋಲ್ಡರ್ ಇದ್ದ ಕಡೆ ಹೆಸರೇ ಗೊತ್ತಾಗದ ಚೂರು ಫೈಲುಗಳು ಸಾಲಾಗಿ ಬಿದ್ದಿದ್ದವು. ಮೊದಲೇ ಕಾಪಿ ಮಾಡಿದ್ದರೆ ಮುಕ್ಕಾಲು ಪಾಲು ಉಳಿಯುತ್ತಿತ್ತು.

ಇನ್ನು ನೀವು ನೋಡಿದ 10. ಆ ಸಾಫ್ಟ್‌ವೇರ್ ಮೊದಲಿನಿಂದಲೇ ಅಂಕಿಗಳನ್ನು ಹದಿನಾರರ ಪದ್ಧತಿಯಲ್ಲಿ ತೋರಿಸುತ್ತದೆ, ಅಂದರೆ ಹೆಕ್ಸ್. ಅಲ್ಲಿ 10 ಅಂದರೆ ನಮ್ಮ ಲೆಕ್ಕದಲ್ಲಿ 16. ಸೆಟ್ಟಿಂಗಿನಲ್ಲಿ ಹತ್ತರ ಪದ್ಧತಿಗೆ ಬದಲಾಯಿಸಿಕೊಳ್ಳಬಹುದು. ಸಿ5 ಕೂಡ ಹೆಕ್ಸೇ, ಬೇರೆ ಸಾಫ್ಟ್‌ವೇರುಗಳಲ್ಲಿ ಅದೇ 197 ಅಂತ ಕಾಣುತ್ತದೆ. ಅದರ ಅರ್ಥ ‘ಪೆಂಡಿಂಗ್ ಸೆಕ್ಟರ್’ (ಸೆಕ್ಟರ್ ಅಂದರೆ ಡಿಸ್ಕ್ ಒಮ್ಮೆಗೆ ಓದಿ ಬರೆಯುವ ಪುಟ್ಟ ತುಂಡು ಜಾಗ). ಡಿಸ್ಕ್ ಒಂದು ಸೆಕ್ಟರನ್ನು ಓದಲು ಹೋಯಿತು, ಮತ್ತೆ ಮತ್ತೆ ಪ್ರಯತ್ನ ಮಾಡಿತು (ನಿಮಗೆ ಕೇಳಿಸಿದ ಟಿಕ್ ಟಿಕ್ ಬಹುಶಃ ಅದೇ), ಆಗಲಿಲ್ಲ, ‘ಇದನ್ನು ಆಮೇಲೆ ನೋಡೋಣ’ ಅಂತ ಗುರುತು ಹಾಕಿಕೊಂಡಿದೆ. 05 ಅಂದರೆ ಆಗಲೇ ಕೈಬಿಟ್ಟು ಬದಲಿ ಜಾಗ ಕೊಟ್ಟ ಸೆಕ್ಟರ್‌ಗಳು. ಅಲ್ಲಿ ಸೊನ್ನೆ ಇದೆ ಅಂತ ಸಮಾಧಾನ ಬೇಡ. ಬದಲಿ ಕೊಡುವ ತೀರ್ಮಾನ ಆಗುವುದು ಆ ಜಾಗಕ್ಕೆ ಮತ್ತೆ ಬರೆದಾಗ ಅಥವಾ ಹೇಗೋ ಒಮ್ಮೆ ಓದಲು ಸಿಕ್ಕಾಗ. ನೀವು ಹಳೆಯ ರೆಕಾರ್ಡಿಂಗ್ ಮೇಲೆ ಏನೂ ಬರೆದಿಲ್ಲವಲ್ಲ, ಅದಕ್ಕೆ ಅದು ಹಾಗೇ ಕಾಯುತ್ತಾ ಕೂತಿದೆ.

ಸಮಾಧಾನದ ವಿಷಯವೂ ಒಂದಿದೆ. ಈಗಿನ ಡಿಸ್ಕುಗಳ ನಿಜವಾದ ಸೆಕ್ಟರ್ 4096 ಬೈಟ್, ಹೊರಗಡೆ ಮಾತ್ರ 512ರ ಎಂಟು ತುಂಡುಗಳಾಗಿ ತೋರಿಸಿಕೊಳ್ಳುತ್ತವೆ. ಹಾಗಾಗಿ ಎಷ್ಟೋ ಡಿಸ್ಕುಗಳಲ್ಲಿ ಈ ಅಂಕಿ ಎಂಟೆಂಟಾಗಿ ಏರುತ್ತದೆ. ನಿಮ್ಮ 16 ಅಂದರೆ ಬಹುಶಃ ಎರಡೇ ಎರಡು ಸೆಕ್ಟರ್. ಆದರೆ ನಾಳೆ ಅದು 24 ಆಗಬಹುದು, ನಾಡಿದ್ದು 400 ಆಗಬಹುದು.

ಇವತ್ತೇ ಮಾಡಬೇಕಾದ್ದು ಇಷ್ಟು. ಪೆನ್‌ಡ್ರೈವ್ ಲಿನಕ್ಸಿನಿಂದ ಬೂಟ್ ಮಾಡಿ. ಹಳೆಯ ಡಿಸ್ಕನ್ನು ಬರೀ ಓದುವ ಹಾಗೆ ಮೌಂಟ್ ಮಾಡಿ. ಅಪ್ಪನ ರೆಕಾರ್ಡಿಂಗ್‌ಗಳನ್ನು ಮೊದಲು ಇನ್ನೊಂದು ಪೆನ್‌ಡ್ರೈವಿಗೆ ಕಾಪಿ ಮಾಡಿ. ಒಂದು ಫೈಲ್ ಸಿಕ್ಕಿಹಾಕಿಕೊಂಡರೆ ಅದರ ಹೆಸರು ಬರೆದಿಟ್ಟು ಮುಂದಕ್ಕೆ ಹೋಗಿ, ಅಲ್ಲೇ ಹಟ ಹಿಡಿಯಬೇಡಿ. ಅದಾದ ಮೇಲೆ ಡಿಸ್ಕ್ ಆಫ್ ಮಾಡಿ, ಕೇಬಲ್ ಕಿತ್ತು ಇಟ್ಟುಬಿಡಿ. ಉಳಿದದ್ದು ಹೊಸ ಡಿಸ್ಕ್ ಬಂದ ಮೇಲೆ ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ಅನ್ನುವ ಸಾಫ್ಟ್‌ವೇರಿನಲ್ಲಿ ನೋಡೋಣ.

ನೀಲಿಕೇಬಲ್:

ಆರಿಸುವ ವಿಷಯ ನಾನು ಹೇಳುತ್ತೇನೆ.

ಹಾರ್ಡ್ ಡಿಸ್ಕ್ ಮಾಡುವ ಕಂಪನಿಗಳು ಈಗ ಮೂರೇ: ಸೀಗೇಟ್, ವೆಸ್ಟರ್ನ್ ಡಿಜಿಟಲ್, ತೋಷಿಬಾ. ಬೇರೆ ಹೆಸರಿನ ಎಕ್ಸ್‌ಟರ್ನಲ್ ಡಬ್ಬ ಬಿಚ್ಚಿದರೂ ಒಳಗೆ ಇರುವುದು ಈ ಮೂವರದ್ದೇ. ಹಾಗಾಗಿ ‘ಯಾವ ಕಂಪನಿ’ ಅನ್ನುವುದಕ್ಕಿಂತ ‘ಯಾವ ಮಾಡೆಲ್’ ಅಂತ ಕೇಳುವುದು ಒಳ್ಳೆಯದು. ಒಂದೇ ಕಂಪನಿಯ ಎರಡು ಮಾಡೆಲ್‌ಗಳ ನಡುವೆ ಅಜಗಜಾಂತರ ಇರುತ್ತದೆ.

ಮುಖ್ಯವಾಗಿ ನೋಡಬೇಕಾದ್ದು ಅದು ಸಿಎಂಆರಾ ಎಸ್‌ಎಂಆರಾ ಅಂತ. ಸಿಎಂಆರ್‌ನಲ್ಲಿ ಡೇಟಾದ ಪಟ್ಟಿಗಳು ಪಕ್ಕಪಕ್ಕದಲ್ಲಿ ಬಿಡಿಬಿಡಿಯಾಗಿ ಇರುತ್ತವೆ. ಎಸ್‌ಎಂಆರ್‌ನಲ್ಲಿ ಹೆಂಚು ಹೊದಿಸಿದ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದು. ಅಷ್ಟೇ ಜಾಗದಲ್ಲಿ ಜಾಸ್ತಿ ಹಿಡಿಸುತ್ತದೆ, ನಿಜ. ಆದರೆ ನಡುವಿನ ಒಂದು ಹೆಂಚು ಬದಲಾಯಿಸಬೇಕಾದರೆ ಅದರ ಮೇಲಿನ ಸಾಲನ್ನೆಲ್ಲಾ ಎತ್ತಿ ಮತ್ತೆ ಹೊದಿಸಬೇಕು ಅಲ್ವಾ, ಇಲ್ಲೂ ಹಾಗೇ. ಆ ಕೆಲಸವನ್ನು ಡಿಸ್ಕ್ ಸುಮ್ನೆ ಇರುವಾಗ ಹಿಂದಿನಿಂದ ಮಾಡಿಕೊಳ್ಳುತ್ತದೆ. ನೀವು ಬಿಡುವು ಕೊಡದೆ ನೂರಾರು ಜಿಬಿ ಬರೆಯುತ್ತಲೇ ಹೋದರೆ ಅದರ ತಾತ್ಕಾಲಿಕ ಜಾಗ ತುಂಬಿ, ವೇಗ ಧಡಕ್ ಅಂತ ಬೀಳುತ್ತದೆ. ಒಮ್ಮೆ ಬರೆದು ಇಟ್ಟುಬಿಡುವ ಬ್ಯಾಕಪ್‌ಗೆ ಎಸ್‌ಎಂಆರ್ ನಡೆಯುತ್ತದೆ. ದಿನಾ ಬಳಸುವ ಡಿಸ್ಕಿಗೆ, ಅದಕ್ಕಿಂತ ಮುಖ್ಯವಾಗಿ ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ರೇಡ್‌ಗೆ, ಬೇಡ.

ಡಬ್ಬದ ಮೇಲೆ ಇದನ್ನು ಬರೆದಿರುವುದಿಲ್ಲ, ಅದೇ ತೊಂದರೆ. 2020ರಲ್ಲಿ ದೊಡ್ಡ ಗಲಾಟೆಯೇ ಆಯಿತು. ನೆಟ್‌ವರ್ಕ್ ಸ್ಟೋರೇಜಿಗೆ ಅಂತಲೇ ಮಾರುತ್ತಿದ್ದ ವೆಸ್ಟರ್ನ್ ಡಿಜಿಟಲ್ ರೆಡ್ ಸಾಲಿನ 2ರಿಂದ 6 ಟಿಬಿವರೆಗಿನ ಕೆಲವು ಡಿಸ್ಕುಗಳು ಎಸ್‌ಎಂಆರ್ ಅಂತ ಬಳಕೆದಾರರೇ ಕಂಡುಹಿಡಿದರು. ಆಮೇಲೆ ಕಂಪನಿ ಪಟ್ಟಿ ಹೊರಡಿಸಿತು, ಸಿಎಂಆರ್ ಇರುವುದಕ್ಕೆ ರೆಡ್ ಪ್ಲಸ್ ಅಂತ ಬೇರೆ ಹೆಸರು ಕೊಟ್ಟಿತು. ಈಗ ಮೂರೂ ಕಂಪನಿಗಳ ವೆಬ್‌ಸೈಟಿನಲ್ಲಿ ಯಾವ ಮಾಡೆಲ್ ಯಾವುದು ಅಂತ ನೋಡಬಹುದು. ಪೂರ್ತಿ ಮಾಡೆಲ್ ನಂಬರ್ ಹಿಡಿದು ಹುಡುಕಿ, ಬರೀ ‘ಸೀಗೇಟ್ ಬಾರಾಕುಡಾ 4 ಟಿಬಿ’ ಅಂತಲ್ಲ.

ಮನೆ ಕಂಪ್ಯೂಟರಿಗೆ ನಿಮಿಷಕ್ಕೆ 5400 ಸುತ್ತು ತಿರುಗುವುದು ಸಾಕು. 7200 ಸುತ್ತಿನದರಲ್ಲಿ ಬೇಕಾದ ಸೆಕ್ಟರ್ ಹೆಡ್ (ಓದಿ ಬರೆಯುವ ಭಾಗ) ಕೆಳಗೆ ಬರಲು ಸರಾಸರಿ 4.2 ಮಿಲಿಸೆಕೆಂಡ್, 5400ರದ್ದರಲ್ಲಿ 5.6. ಫೋಟೋ, ವಿಡಿಯೋ ಇಡುವುದಕ್ಕೆ ಈ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ, ಬಿಸಿ ಮತ್ತು ಸದ್ದು ಕಡಿಮೆ. ವಿಂಡೋಸ್ ಮಾತ್ರ ಹಾರ್ಡ್ ಡಿಸ್ಕಿನಲ್ಲಿ ಇಡಬೇಡಿ. ಅದಕ್ಕೆ ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಕೊಳ್ಳಿ.

ಸೊನ್ನೆಒಂದು:

ಪರೀಕ್ಷೆ ಬಗ್ಗೆ ಕೇಳಿದಿರಿ. ಹೊಸ ಡಿಸ್ಕನ್ನೂ ಪರೀಕ್ಷೆ ಮಾಡಲೇಬೇಕು, ಅದು ಖಾಲಿ ಇರುವಾಗಲೇ ಮಾಡಬೇಕು. ಒಮ್ಮೆ ನಿಮ್ಮ ಫೈಲುಗಳು ಅದರೊಳಗೆ ಹೋದರೆ ಪೂರ್ತಿ ಬರೆದು ಓದುವ ಪರೀಕ್ಷೆ ಮಾಡಲು ಮತ್ತೆ ಅವಕಾಶ ಸಿಗುವುದಿಲ್ಲ. ಇನ್ನೊಂದು, ಇಷ್ಟು ದೂರ ಪ್ಯಾಕೆಟ್ಟಿನಲ್ಲಿ ಕುಲುಕಾಡಿಕೊಂಡು ಬಂದಿರುತ್ತದೆ. ಪೆಟ್ಟು ತಿಂದಿದ್ದರೆ ಅದು ವಾಪಸ್ ಮಾಡುವ ದಿನಗಳು ಮುಗಿಯುವ ಮೊದಲೇ ಗೊತ್ತಾಗಬೇಕು.

ತಣ್ಣಗಿದ್ದರೆ ಕೆಲವು ಗಂಟೆ ಕೋಣೆಯಲ್ಲಿ ಸುಮ್ನೆ ಬಿಡಿ, ಆಮೇಲೆ ಕರೆಂಟ್ ಕೊಡಿ. ಬೇರೇನೂ ಮಾಡುವ ಮೊದಲು ಸ್ಮಾರ್ಟ್ ಮಾಹಿತಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ನೀವು ನೋಡಿದ 05, ಸಿ5 ಅದರ ಸಾಲುಗಳೇ) ತೆಗೆದು ಒಂದು ಫೈಲಿನಲ್ಲಿ ಉಳಿಸಿ. ಲಿನಕ್ಸಿನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿದರೆ ಬರುತ್ತದೆ. 9ನೇ ಸಾಲು ಎಷ್ಟು ಗಂಟೆ ಓಡಿದೆ ಅಂತ ಹೇಳುತ್ತದೆ. ಹೊಸದರಲ್ಲಿ ಸೊನ್ನೆಯೋ ಒಂದೋ ಇರಬೇಕು. ವರ್ಷಕ್ಕೆ 8760 ಗಂಟೆ, ಹಾಗಾಗಿ ಅಲ್ಲಿ 17000 ಕಂಡರೆ ಎರಡು ವರ್ಷ ಹಗಲು ರಾತ್ರಿ ಓಡಿದ ಡಿಸ್ಕ್ ನಿಮ್ಮ ಕೈಯಲ್ಲಿದೆ. ಆದರೆ ಈ ಅಂಕಿಯನ್ನೂ ಅಳಿಸುವವರಿದ್ದಾರೆ. 2025ರ ಆರಂಭದಲ್ಲಿ ಹೀಗೆ ಅಂಕಿ ಅಳಿಸಿದ ಬಳಸಿದ ಸೀಗೇಟ್ ಡಿಸ್ಕುಗಳನ್ನು ಹೊಸದು ಅಂತ ಮಾರಿದ್ದು ಬೆಳಕಿಗೆ ಬಂತು. ಸಿಕ್ಕಿಬಿದ್ದದ್ದು ಹೇಗೆಂದರೆ, ಸೀಗೇಟಿನಲ್ಲಿ ಫಾರ್ಮ್ ಅಂತ ಇನ್ನೊಂದು ದಾಖಲೆ ಇದೆ, ಅದರಲ್ಲಿ ನಿಜವಾದ ಗಂಟೆಗಳು ಹಾಗೇ ಉಳಿದಿದ್ದವು. ಸ್ಮಾರ್ಟ್‌ಮಾನ್‌ಟೂಲ್ಸ್‌ನ ಈಗಿನ ಆವೃತ್ತಿಗಳು ಅದನ್ನೂ ಓದುತ್ತವೆ. ಸೀಗೇಟ್ ತೆಗೆದುಕೊಂಡರೆ ಎರಡೂ ಗಂಟೆಗಳನ್ನು ಹೋಲಿಸಿ ನೋಡಿ.

ಆಮೇಲೆ ಡಿಸ್ಕಿನದ್ದೇ ಉದ್ದದ ಸ್ವಯಂ ಪರೀಕ್ಷೆ. 4 ಟಿಬಿಗೆ ಎಂಟು ಗಂಟೆ ಆಸುಪಾಸು. ಇದು ಬರೀ ಓದುತ್ತದೆ, ಬರೆಯುವುದಿಲ್ಲ.

ನಿಜವಾದ ಪರೀಕ್ಷೆ ಲಿನಕ್ಸಿನ ಬ್ಯಾಡ್‌ಬ್ಲಾಕ್ಸ್ ಅನ್ನುವ ಸಾಫ್ಟ್‌ವೇರಿನದು. ಬರೆದು ಓದುವ ರೀತಿಯಲ್ಲಿ ಕೊಟ್ಟರೆ ಡಿಸ್ಕಿನ ಉದ್ದಕ್ಕೂ ಒಂದು ನಮೂನೆ ಬರೆದು, ಮತ್ತೆ ಮೊದಲಿನಿಂದ ಓದಿ ಹೋಲಿಸುತ್ತದೆ. ಇಂಥ ನಾಲ್ಕು ನಮೂನೆ, ಅಂದರೆ ಎಂಟು ಸಲ ಇಡೀ ಡಿಸ್ಕ್ ಸುತ್ತುತ್ತದೆ. ಸೆಕೆಂಡಿಗೆ ಸರಾಸರಿ 140 ಎಂಬಿ ಅಂತ ಹಿಡಿದರೆ ಒಂದು ಸುತ್ತಿಗೆ 8 ಗಂಟೆ, ಒಟ್ಟು 64 ಗಂಟೆ. ಬ್ಲಾಕ್ ಅಳತೆ 4096 ಅಂತ ಕೊಡುವುದು ಮರೆಯಬೇಡಿ, ಕೊಡದಿದ್ದರೆ ತುಂಬಾ ನಿಧಾನ, ದೊಡ್ಡ ಡಿಸ್ಕಿನಲ್ಲಿ ಶುರುವೇ ಆಗುವುದಿಲ್ಲ. ಮತ್ತೆ ಒಂದು ಮಾತು, ಇದು ಡಿಸ್ಕಿನಲ್ಲಿ ಇರುವುದನ್ನೆಲ್ಲಾ ಅಳಿಸುತ್ತದೆ. ನಿಮ್ಮ ಹಳೆಯ ಡಿಸ್ಕಿನ ಕೇಬಲ್ ಕಿತ್ತಿಟ್ಟೇ ಇದನ್ನು ಮಾಡಿ. ಡಿಸ್ಕಿನ ಹೆಸರು ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿದರೆ ಕಥೆ ಮುಗಿಯಿತು.

ಮಧ್ಯೆ ವೇಗ ಇಳಿಯುವುದನ್ನು ನೋಡಿ ಗಾಬರಿ ಆಗಬೇಡಿ. ಶುರುವಿನಲ್ಲಿ 180 ಇದ್ದದ್ದು ಕೊನೆಗೆ 90ರ ಹತ್ತಿರ ಬರುವುದು ಸಹಜ. ಡಿಸ್ಕ್ ಹೊರ ಅಂಚಿನಿಂದ ಒಳಕ್ಕೆ ತುಂಬುತ್ತಾ ಹೋಗುತ್ತದೆ, ಹೊರಗಿನ ಸುತ್ತಿನಲ್ಲಿ ಸೆಕ್ಟರ್‌ಗಳು ಜಾಸ್ತಿ, ತಿರುಗುವ ವೇಗ ಎಲ್ಲಾ ಕಡೆ ಒಂದೇ.

ಎಲ್ಲಾ ಮುಗಿದ ಮೇಲೆ ಮತ್ತೆ ಸ್ಮಾರ್ಟ್ ತೆಗೆದು ಮೊದಲಿನ ಫೈಲಿನ ಪಕ್ಕ ಇಟ್ಟು ನೋಡಿ. 5, 197, 198 (ಓದಲಾಗದ ಸೆಕ್ಟರ್‌ಗಳ ಲೆಕ್ಕ) ಮೂರೂ ಸೊನ್ನೆಯಲ್ಲೇ ಇರಬೇಕು. ಹೊಚ್ಚಹೊಸ ಡಿಸ್ಕಿನಲ್ಲಿ ಒಂದೇ ಒಂದು ಏರಿದರೂ ನಾನು ವಾಪಸ್ ಕಳಿಸುತ್ತೇನೆ.

ನೀಲಿಕೇಬಲ್:

64 ಗಂಟೆ ಜಾಸ್ತಿ ಆಯಿತು ಅನ್ನಿಸುತ್ತದೆ. ಮನೆ ಬಳಕೆಯ ಕೆಲವು ಡಿಸ್ಕುಗಳಿಗೆ ಕಂಪನಿಯೇ ವರ್ಷಕ್ಕೆ 55 ಟಿಬಿ ಕೆಲಸ ಅಂತ ಮಿತಿ ಹೇಳುತ್ತದೆ. ನಿಮ್ಮ ಎಂಟು ಸುತ್ತು ಅಂದರೆ 32 ಟಿಬಿ. ಒಂದು ಸಲ ಪೂರ್ತಿ ಬರೆದು ಒಂದು ಸಲ ಓದಿದರೆ ಸಾಲದಾ? ವಿಂಡೋಸ್‌ನಲ್ಲಿ ಇರುವವರು ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಪುಟ್ಟ ಸಾಫ್ಟ್‌ವೇರಿನಲ್ಲೂ ಇದನ್ನು ಮಾಡಬಹುದು. ಸುಳ್ಳು ಅಳತೆ ತೋರಿಸುವ ನಕಲಿ ಡಿಸ್ಕ್ ಆದರೂ ಅದರಲ್ಲಿ ಸಿಕ್ಕಿಬೀಳುತ್ತದೆ.

ಸೊನ್ನೆಒಂದು:

ಲೆಕ್ಕ ಒಪ್ಪುತ್ತೇನೆ. ಒಂದೇ ನಮೂನೆ ಕೊಟ್ಟು ಒಂದು ಸಲ ಬರೆದು ಓದಿದರೆ 16 ಗಂಟೆ, ದೊಡ್ಡ ದೋಷಗಳು ಅದರಲ್ಲೇ ಸಿಗುತ್ತವೆ. ಸಮಯ ಇಲ್ಲದವರು ಅಷ್ಟೇ ಮಾಡಲಿ. ನಾನು ನಾಲ್ಕೂ ಓಡಿಸುವುದು ನಮೂನೆಗಳಿಗಾಗಿ ಅಲ್ಲ, ಎರಡು ಮೂರು ದಿನ ಬಿಸಿಯಲ್ಲಿ ಬಿಡುವಿಲ್ಲದೆ ಓಡಿದಾಗ ಡಿಸ್ಕ್ ಹೇಗಿರುತ್ತದೆ ಅಂತ ನೋಡುವುದಕ್ಕೆ. ಆಗ ಉಷ್ಣತೆಯನ್ನೂ ಗಮನಿಸಬೇಕು, ನಾನು 45 ಡಿಗ್ರಿ ದಾಟಲು ಬಿಡುವುದಿಲ್ಲ, ಒಂದು ಫ್ಯಾನ್ ಮುಂದೆ ಇಟ್ಟರೆ ಸಾಕು.

ಆದರೆ ಪರೀಕ್ಷೆಯಲ್ಲಿ ಪಾಸಾಯಿತು ಅಂದರೆ ಇನ್ನು ಚಿಂತೆ ಇಲ್ಲ ಅಂತ ದಯವಿಟ್ಟು ಯಾರೂ ಅಂದುಕೊಳ್ಳಬೇಡಿ. 2007ರಲ್ಲಿ ಗೂಗಲ್‌ನವರು ತಮ್ಮ ಒಂದು ಲಕ್ಷಕ್ಕೂ ಜಾಸ್ತಿ ಡಿಸ್ಕುಗಳ ಅಧ್ಯಯನ ಪ್ರಕಟಿಸಿದರು. ಮೇಲ್ಮೈ ಸ್ಕ್ಯಾನಿನಲ್ಲಿ ಮೊದಲ ದೋಷ ಕಂಡ ಡಿಸ್ಕುಗಳು ಮುಂದಿನ 60 ದಿನದಲ್ಲಿ ಸಾಯುವ ಸಾಧ್ಯತೆ ಉಳಿದವಕ್ಕಿಂತ 39 ಪಟ್ಟು ಜಾಸ್ತಿ ಇತ್ತು. ಇದು ಮೊದಲು ಪ್ರಶ್ನೆ ಕೇಳಿದವರ ಹಳೆಯ ಡಿಸ್ಕಿಗೆ ನೇರವಾಗಿ ಅನ್ವಯಿಸುವ ಮಾತು. ಅದೇ ಅಧ್ಯಯನದ ಇನ್ನೊಂದು ಅಂಕಿ ನನಗೆ ಇನ್ನೂ ಭಯ ಹುಟ್ಟಿಸುತ್ತದೆ: ಸತ್ತ ಡಿಸ್ಕುಗಳಲ್ಲಿ 36 ಶೇಕಡಾಕ್ಕೂ ಜಾಸ್ತಿ ಯಾವ ಸ್ಮಾರ್ಟ್ ಸುಳಿವನ್ನೂ ಕೊಡದೆ ಹೋದವು. ಇಂದು ಎಲ್ಲಾ ಸೊನ್ನೆ, ನಾಳೆ ಡಿಸ್ಕೇ ಇಲ್ಲ. ಅದಕ್ಕೇ ಕೇಳುತ್ತಿದ್ದೇನೆ, 4 ಟಿಬಿಯದು ಒಂದು ತರುವ ಬದಲು 2 ಟಿಬಿಯವು ಎರಡು ತಂದರೆ ಆಗುವುದಿಲ್ವಾ? ನಿಮ್ಮ ಡೇಟಾ ಇರುವುದು 1 ಟಿಬಿ ಒಳಗೇ.

ಕಿಟಕಿಪಕ್ಕದಸೀಟು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚೆಕ್‌ಡಿಸ್ಕ್ ಓಡಿಸಲಿಲ್ಲ. ಅಪ್ಪನ 212 ರೆಕಾರ್ಡಿಂಗ್‌ಗಳಲ್ಲಿ 211 ಅವತ್ತೇ ಪೆನ್‌ಡ್ರೈವಿಗೆ ಬಂದವು. ಒಂದು ಬರಲಿಲ್ಲ. ಕಾಪಿ ಅರ್ಧಕ್ಕೆ ನಿಂತು ದೋಷ ಅಂತ ಹೇಳುತ್ತದೆ. ಹಳೆಯ ಡಿಸ್ಕ್ ಕಿತ್ತು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಎರಡು ಡಿಸ್ಕಿನ ಮಾತು ಸರಿ ಅನ್ನಿಸಿತು. 2 ಟಿಬಿ ಸಿಎಂಆರ್ ಎರಡು ತಂದೆ, ಮಾಡೆಲ್ ನಂಬರ್ ಹಾಕಿ ಖಚಿತ ಮಾಡಿಕೊಂಡೇ ತಂದದ್ದು. ಎರಡನ್ನೂ ಒಟ್ಟಿಗೆ ಪರೀಕ್ಷೆಗೆ ಹಾಕಿದೆ. ಮೊದಲನೆಯದರಲ್ಲಿ ಎಲ್ಲಾ ಸರಿ. ಎರಡನೆಯದು ಸೀಗೇಟ್, ಅದರಲ್ಲಿ ಎರಡು ವಿಷಯ ಹೆದರಿಕೆ ಹುಟ್ಟಿಸಿವೆ. 1ನೇ ಸಾಲಿನಲ್ಲಿ, ಓದುವ ದೋಷ ಅನ್ನುವ ಕಡೆ, 22 ಕೋಟಿ ಅಂತ ಇದೆ! ಮತ್ತೆ 199ರಲ್ಲಿ 12 ಇದೆ, ಪರೀಕ್ಷೆಗೆ ಮೊದಲು ಸೊನ್ನೆ ಇತ್ತು. 5, 197, 198 ಸೊನ್ನೆ.

ಸೊನ್ನೆಒಂದು:

22 ಕೋಟಿ ದೋಷ ಅಲ್ಲ. ಸೀಗೇಟ್ ಒಂದೇ ಅಂಕಿಯೊಳಗೆ ಎರಡು ಲೆಕ್ಕ ತುಂಬುತ್ತದೆ: ಕೆಳಗಿನ 32 ಬಿಟ್‌ಗಳಲ್ಲಿ ಎಷ್ಟು ಓದಿತು ಅನ್ನುವುದು, ಮೇಲಿನ 16 ಬಿಟ್‌ಗಳಲ್ಲಿ ಎಷ್ಟು ತಪ್ಪಿತು ಅನ್ನುವುದು. ಒಟ್ಟು ಅಂಕಿ 429 ಕೋಟಿಯ ಒಳಗೆ ಇದ್ದರೆ ತಪ್ಪು ಸೊನ್ನೆ. 7ನೇ ಸಾಲಿನಲ್ಲೂ ಇದೇ ಕಥೆ. ಇದನ್ನು ನೋಡಿ ಒಳ್ಳೆಯ ಡಿಸ್ಕನ್ನು ವಾಪಸ್ ಮಾಡಿದವರು ತುಂಬಾ ಜನ ಇದ್ದಾರೆ.

199 ಡಿಸ್ಕಿನ ಒಳಗಿನ ವಿಷಯ ಅಲ್ಲ, ಡಿಸ್ಕಿಗೂ ಮದರ್‌ಬೋರ್ಡಿಗೂ ನಡುವಿನ ದಾರಿಯದ್ದು. ಹೆಚ್ಚಿನ ಸಲ ಸಾಟಾ ಕೇಬಲ್ಲೇ ಕಾರಣ. ಬೇರೆ ಕೇಬಲ್ ಹಾಕಿ, ಎರಡೂ ತುದಿ ಕ್ಲಿಕ್ ಅನ್ನುವವರೆಗೆ ಒತ್ತಿ, ಒಂದು ಸುತ್ತು ಮತ್ತೆ ಓಡಿಸಿ. 12 ಅಳಿಸಿಹೋಗುವುದಿಲ್ಲ, ಹಾಗೇ ಇರುತ್ತದೆ. 13 ಆಗಬಾರದು ಅಷ್ಟೇ.

ಹಳೇಮದರ್‌ಬೋರ್ಡ್:

ಪರೀಕ್ಷೆ ಮುಗಿದ ಡಿಸ್ಕಿಗೆ ಈಗ ಹಳೆಯದರ ಪೂರ್ತಿ ಚಿತ್ರ (ಇಮೇಜ್, ಅಂದರೆ ಇಡೀ ಡಿಸ್ಕಿನ ಇದ್ದ ಹಾಗಿನ ನಕಲು) ತೆಗೆಯಿರಿ. ಡಿಡಿರೆಸ್ಕ್ಯೂಗೆ ಮ್ಯಾಪ್ ಫೈಲ್ ಕೊಡುವುದು ಮರೆಯಬೇಡಿ. ಎಲ್ಲೆಲ್ಲಿ ಓದಿ ಆಯಿತು, ಎಲ್ಲಿ ಬಾಕಿ ಅಂತ ಅದರಲ್ಲಿ ಬರೆದುಕೊಳ್ಳುತ್ತದೆ, ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯಬಹುದು. ಮೊದಲ ಸಲ ಕೆಟ್ಟ ಜಾಗ ಕೆರೆಯದೆ, ಸುಲಭವಾಗಿ ಬರುವುದನ್ನೆಲ್ಲಾ ತೆಗೆದುಕೊಳ್ಳಿ. ಎರಡನೇ ಸಲ ಉಳಿದ ಚೂರುಗಳಿಗೆ ಮೂರು ಪ್ರಯತ್ನ ಕೊಡಿ. ಆಗಲೂ ಬರದಿದ್ದರೆ ಹಿಂದಿನಿಂದ ಮುಂದಕ್ಕೆ ಓದುವ ರೀತಿಯಲ್ಲಿ ಒಮ್ಮೆ ಹಾಕಿ, ಕೆಲವೊಮ್ಮೆ ಆ ಕಡೆಯಿಂದ ಸಿಗುತ್ತದೆ.

ಬರದೇ ಉಳಿದ ಆ ಒಂದು ಫೈಲಿನ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ. ಸಾಮಾನ್ಯ ಕಾಪಿ ಒಂದು ಸೆಕ್ಟರ್ ಸಿಗದಿದ್ದರೆ ಇಡೀ ಫೈಲನ್ನೇ ಬಿಟ್ಟುಬಿಡುತ್ತದೆ. ಡಿಡಿರೆಸ್ಕ್ಯೂ ಆ ಜಾಗ ಮಾತ್ರ ಖಾಲಿ ಬಿಟ್ಟು ಉಳಿದದ್ದನ್ನೆಲ್ಲಾ ತರುತ್ತದೆ. 128 ಕೆಬಿಪಿಎಸ್ ಎಂಪಿ3 ಅಂದರೆ ಸೆಕೆಂಡಿಗೆ 16 ಸಾವಿರ ಬೈಟ್. ಒಂದು ಸೆಕ್ಟರ್ 4096 ಬೈಟ್. ಹೋದರೂ ಕಾಲು ಸೆಕೆಂಡ್.

ಕಿಟಕಿಪಕ್ಕದಸೀಟು:

ಕೇಬಲ್ ಬದಲಾಯಿಸಿ 1 ಸುತ್ತು ಓಡಿಸಿದೆ. 199 ಹನ್ನೆರಡಕ್ಕೇ ನಿಂತಿದೆ.

ಹಳೆಯ ಡಿಸ್ಕಿನ ಚಿತ್ರವೂ ಬಂತು. ಮೊದಲ ಸುತ್ತಿನಲ್ಲಿ ಸ್ವಲ್ಪ ಬಾಕಿ ಇತ್ತು, ಪ್ರಯತ್ನದ ಸುತ್ತಿನಲ್ಲಿ ಕರಗಿತು, ಹಿಂದಿನಿಂದ ಓದಿಸಿದಾಗ ಇನ್ನೂ ಒಂದು ಸೆಕ್ಟರ್ ಸಿಕ್ಕಿತು. ಕೊನೆಗೆ ಉಳಿದದ್ದು 4096 ಬೈಟ್. ಆ ಫೈಲ್ ಈಗ ತೆರೆಯುತ್ತದೆ. ಹನ್ನೊಂದು ನಿಮಿಷದ ಕಥೆ, ಏಳನೇ ನಿಮಿಷದಲ್ಲಿ ಅಪ್ಪ ‘ಆಮೇಲೆ ಆ ಹುಡುಗ’ ಅನ್ನುವಾಗ ‘ಹು’ ಮತ್ತು ‘ಗ’ ನಡುವೆ ಚಿಟ್ ಅಂತ ಒಂದು ಸದ್ದು ಬಂದು ಹೋಗುತ್ತದೆ. ಉಳಿದದ್ದೆಲ್ಲಾ ಇದೆ.

ಎರಡನೇ ಡಿಸ್ಕಿಗೂ ಕಾಪಿ ಮಾಡಿ ಮುಗಿಸಿದೆ. ಅದನ್ನು ತಂಗಿಯ ಮನೆಯಲ್ಲಿ ಇಡುತ್ತೇನೆ.

ಹಳೇಮದರ್‌ಬೋರ್ಡ್:

ತುಂಬಾ ಖುಷಿಯಾಯಿತು. ತಂಗಿಯ ಮನೆಗೆ ಕೊಡುವ ಮೊದಲು ಆ ಡಿಸ್ಕಿನಿಂದಲೇ ನಾಲ್ಕೈದು ಫೈಲ್ ತೆರೆದು ಕೇಳಿ. ಹಳೆಯ ಡಿಸ್ಕನ್ನೂ ಈಗಲೇ ಫಾರ್ಮ್ಯಾಟ್ ಮಾಡಬೇಡಿ, ಆರು ತಿಂಗಳು ಹಾಗೇ ಇರಲಿ.